ಬಂದೇಬಿಟ್ವಿ ಎಂದವನು

"ಈ ಗಾಡಿಯಲ್ಲಿ ನಂದು ಇವತ್ತೇ ಕೊನೆ. ಹೇಳಿ ಹೋಗೋಣ ಅಂತ ಬಂದೆ."

ಆಂಬ್ಯುಲೆನ್ಸ್ ತೊಳೆಯುತ್ತಿದ್ದ ಚಾಲಕನ ಕೈ ನಿಂತಿತು. ಪೈಪಿನ ನೀರು ಅವನ ಬೂಟಿನ ಮೇಲೆಯೇ ಸುರಿಯುತ್ತಿತ್ತು. ತಲೆ ಎತ್ತದೆ, "ಹೌದಾ..." ಎಂದ.

ಅಷ್ಟೇನಾ...? ಎಂದುಕೊಂಡಳು ನರ್ಸ್.

ಎರಡು ವರ್ಷ ಇಬ್ಬರೂ ಒಂದೇ ಗಾಡಿಯಲ್ಲಿ ದುಡಿದಿದ್ದರು. ಅವನು ಮುಂದೆ, ಅವಳು ರೋಗಿಯ ಜೊತೆ ಹಿಂದೆ. ನಡುವೆ ಒಂದು ಪುಟ್ಟ ಜಾರುಕಿಟಕಿ. ಅವಳು ಸೂಜಿ ಕೈಗೆತ್ತಿಕೊಂಡರೆ ಸಾಕು, "ಮುಂದೆ ಹಂಪ್ ಇದೆ, ತಡೀರಿ" ಎನ್ನುತ್ತಿದ್ದ. ತಿರುವು ಬಂದರೆ, "ಹಿಡ್ಕೊಳ್ಳಿ." ಜೊತೆಯವರು ಅವನಿಗೆ 'ಬೆಣ್ಣೆ ಬ್ರೇಕ್' ಎಂದು ಹೆಸರಿಟ್ಟಿದ್ದರು.

ಆ ದನಿ ಕೇಳದ ರಜೆಯ ದಿನ ಅವಳಿಗೆ ಹೊತ್ತೇ ಹೋಗುತ್ತಿರಲಿಲ್ಲ. ಅಮ್ಮ ತೋರಿಸಿದ ಗಂಡುಗಳಿಗೆಲ್ಲ ಅವಳು ಏನಾದರೊಂದು ಕೊಂಕು ತೆಗೆಯುತ್ತಿದ್ದುದೂ ಅದಕ್ಕೇ.

ಆಮೇಲೊಂದು ದಿನ ಗಾಡಿಗೆ ಬಂದಳು, ಅಪಘಾತದಲ್ಲಿ ಗಾಯಗೊಂಡ ಒಬ್ಬ ಹುಡುಗಿ. ರಸ್ತೆ ಪೂರ್ತಿ ಜಾಮ್. ನರ್ಸ್ ಎಷ್ಟು ಹೆಣಗಿದರೂ ಆಸ್ಪತ್ರೆ ಮುಟ್ಟುವ ಮೊದಲೇ ಹುಡುಗಿಯ ಉಸಿರು ನಿಂತಿತು. ಮರುದಿನದಿಂದ ಕಿಟಕಿ ಮುಚ್ಚಿತು. ದನಿಯೂ ನಿಂತಿತು.

ನನ್ನ ಕೈಯಲ್ಲಿ ಉಳಿಸೋಕಾಗಲಿಲ್ಲ... ಅದಕ್ಕೇ ನನ್ನ ಕಂಡರೆ ಇವನಿಗೆ ಆಗಲ್ಲ. ಹೀಗೆಂದುಕೊಂಡು ಅವಳು ತಿಂಗಳುಗಟ್ಟಲೆ ದಿಂಬು ಒದ್ದೆ ಮಾಡಿಕೊಂಡಳು. ಕೊನೆಗೆ ಬೇರೆ ಗಾಡಿಗೆ ಹಾಕಿ ಎಂದು ಮೇಲ್ವಿಚಾರಕಿಯನ್ನು ಕೇಳಿಕೊಂಡಳು. "ಅವನನ್ನೇ ಒಂದು ಮಾತು ಕೇಳಿದ್ಯೇನೆ?" ಎಂದು ಆಕೆ ಗದರಿದ್ದಳು.

ಕೇಳುವ ಧೈರ್ಯ ಈಗ ಬಂತು, ಹೊರಡುವ ಹೊತ್ತಿಗೆ.

"ತಪ್ಪು ನಂದು ಅಂತ ತಾನೇ ಕಿಟಕಿ ಮುಚ್ಚಿದ್ದು?"

ಅವನು ಬೆಚ್ಚಿ ನೋಡಿದ.

"ನಿಮ್ಮದಾ...? ಅವತ್ತು ನೀವು, ಇನ್ನೆಷ್ಟು ದೂರ ಅಂತ ಕೇಳ್ತಾನೇ ಇದ್ರಿ. ನಾನು ಬಂದೇಬಿಟ್ವಿ, ಬಂದೇಬಿಟ್ವಿ ಅಂತಿದ್ದೆ. ಗಾಡಿ ಒಂದಿಂಚೂ ಅಲ್ಲಾಡಿರ್ಲಿಲ್ಲ. ನನ್ನ ಸುಳ್ಳನ್ನೇ ನೀವು ಆ ಹುಡುಗಿಗೆ ಹೇಳಿದ್ರಿ... ಕಿಟಕಿ ತೆಗೆದ್ರೆ ನೀವು ಮತ್ತೆ ಅದನ್ನೇ ಕೇಳ್ತೀರಿ ಅನ್ನಿಸುತ್ತೆ."

ಉಳಿದದ್ದನ್ನು ತಡೆತಡೆದು ಹೇಳಿದ. ನಿದ್ದೆಯಿಲ್ಲ. ಸಿಗ್ನಲ್ಲಿನಲ್ಲಿ ನಿಂತರೆ ಕೈ ನಡುಗುತ್ತದೆ. ಸಿಬ್ಬಂದಿಯ ಜೊತೆ ಮಾತಾಡಲೆಂದೇ ಮಹಡಿಯ ಕೋಣೆಗೆ ಆಪ್ತಸಮಾಲೋಚಕಿ ಬರುತ್ತಾರೆ. ಪ್ರತಿ ಸಲವೂ ಅರ್ಧ ಮೆಟ್ಟಿಲು ಹತ್ತಿ ತಿರುಗಿ ಬಂದಿದ್ದಾನೆ. ಸ್ಟೀರಿಂಗ್ ಕಿತ್ತುಕೊಂಡುಬಿಟ್ಟರೆ ಎಂಬ ಭಯ.

ನಿಮ್ಮ ತಪ್ಪಿಲ್ಲ ಎಂದರೆ ಸಾಲದು. ಅದೇ ಮಾತನ್ನು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡು ಸೋತವಳು ಅವಳು. ಕಂಡದ್ದನ್ನಷ್ಟೇ ಹೇಳಿದಳು.

"ನೀವು ಬಂದೇಬಿಟ್ವಿ ಅಂದಾಗೆಲ್ಲ ಆ ಹುಡುಗಿ ಅಳು ನಿಲ್ಲಿಸಿ ನನ್ನ ಬೆರಳು ಹಿಡ್ಕೊಳ್ತಿದ್ಲು. ನನಗೂ ಅಲ್ಲಿ ನಿಮ್ಮ ದನಿ ಬಿಟ್ರೆ ಬೇರೆ ಆಸರೆ ಇರ್ಲಿಲ್ಲ."

ಅವನು ಗಾಡಿಗೆ ಹಣೆಯಿಟ್ಟು ಅತ್ತ. ಅವಳು ಅವನ ಕಡೆ ನೋಡಲಿಲ್ಲ, ದೂರವೂ ಸರಿಯಲಿಲ್ಲ.

ಬಹಳ ಹೊತ್ತಿನ ಮೇಲೆ ಇಬ್ಬರೂ ಮಹಡಿ ಹತ್ತಿದರು. ಆಪ್ತಸಮಾಲೋಚಕಿಯ ಕೋಣೆಯ ಬಾಗಿಲ ಬಳಿ ಅವನು ಮತ್ತೆ ನಿಂತ.

"ಸ್ವಲ್ಪ ದಿನ ಗಾಡಿ ಓಡಿಸ್ಬೇಡ ಅಂದ್ರೆ?"

"ಓಡಿಸ್ಬೇಡಿ. ನಡ್ಕೊಂಡು ಓಡಾಡೋಣ."

"ನೀವೂನಾ?"

"ಮತ್ತೆ ನಿಮ್ಮಜ್ಜಿ ಬರ್ತಾರಾ? ನಾನೆಲ್ಲೂ ಹೋಗಲ್ಲ ಅಂತ ಮೇಲ್ವಿಚಾರಕಿಗೆ ಹೇಳ್ತೀನಿ."

ಅವನ ತುಟಿಯಂಚಿನಲ್ಲಿ ನಗೆ ಮೂಡಿತು.

"ನೀವು ಅಂದ್ರೆ ನನಗೆ..."

"ಗೊತ್ತು. ನನಗೂ. ಪೂರ್ತಿ ಆಮೇಲೆ ಹೇಳಿ."

"ಇಲ್ಲೇ ಇರ್ತೀರಾ?"

"ಇಲ್ಲೇ. ನಿಮ್ಮದು ಮುಗಿದ್ಮೇಲೆ ನನ್ನ ಸರದಿ. ನಾನೂ ಸರಿಯಾಗಿ ಮಲಗಿ ಬಹಳ ದಿನ ಆಯ್ತು."

ಅವನು ಬಾಗಿಲಿಗೆ ಕೈಹಾಕಿದ.

"ಹಾಗಾದ್ರೆ ಹೊರಗೆ ನಾನು ಕಾಯ್ತೀನಿ."

"ಕಾಯ್ಲೇಬೇಕು."