ಮುಚ್ಚಳದ ಮೇಲಿನ ವಿಭೂತಿ

'ಟಕ್.'

ನಡುರಾತ್ರಿ ಕೇಳಿದ್ದು ಅಷ್ಟೇ. ಸೌಜನ್ಯಾ ಕಣ್ಣು ತೆರೆದಳು. ಪಕ್ಕದಲ್ಲಿ ಗಂಡ ಶಿವಪ್ರಸಾದ್ ಇರಲಿಲ್ಲ. ಅದೇನೂ ಹೊಸದಲ್ಲ. ಲಾಕ್‌ಡೌನ್ ಶುರುವಾಗಿ ಮನೆಯೇ ಆಫೀಸಾದ ಮೇಲೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಕೋಣೆ ಬಿಸಿಯಿಡುವ ರೇಡಿಯೇಟರ್ ತಣ್ಣಗಾಗುವ ಸದ್ದಿರಬೇಕು ಅಂದುಕೊಂಡು ಮಗ್ಗುಲು ಬದಲಿಸಿದಳು.

ಬೆಳಿಗ್ಗೆ ಕಂಪ್ಯೂಟರ್ ಸತ್ತಿತ್ತು.

ಗುಂಡಿ ಒತ್ತಿದಳು. ಫ್ಯಾನ್ ತಿರುಗಿತು. ಪರದೆ ಮಾತ್ರ ಕಪ್ಪು. ಪೆಟ್ಟಿಗೆಯೊಳಗಿಂದ ಉದ್ದನೆಯ ಒಂದು ಬೀಪ್ ಬಂತು. ನಿಂತಿತು. ಮತ್ತೆ ಬಂತು.

ಮಧ್ಯಾಹ್ನ ಅವಳಿಗೆ ಆನ್‌ಲೈನ್ ಪರೀಕ್ಷೆ. ದೂರದ ಗ್ರೋನಿಂಗನ್ ಊರಿನ ಒಂದು ಪ್ರಯೋಗಾಲಯದ ಕೆಲಸ. ಮದುವೆಯಾಗಿ ಪರದೇಶದ ಈ ವೂರ್‌ಬರ್ಗ್‌ಗೆ ಬಂದ ಮೇಲೆ ಅವಳ ಅರ್ಜಿಗೆ ಸಿಕ್ಕ ಮೊದಲ ಕರೆ. ಪರೀಕ್ಷೆ ಬರೆಯುವವರ ಮೇಲೆ ಕಣ್ಣಿಡುವ ತಂತ್ರಾಂಶವನ್ನು ಗಂಡನ ಆಫೀಸಿನ ಲ್ಯಾಪ್‌ಟಾಪಿಗೆ ಹಾಕುವಂತಿಲ್ಲ, ಫೋನಿನಲ್ಲಿ ಅದು ನಡೆಯುವುದಿಲ್ಲ. ಇದ್ದದ್ದು ಇದೊಂದೇ.

ಅವಳು ಸಿಟ್ಟಾಗಬೇಕಿತ್ತು, ಅಳಬೇಕಿತ್ತು. ಎರಡೂ ಬರಲಿಲ್ಲ.

* * *

ಶಿವಪ್ರಸಾದ್ ಬಾಗಿಲಲ್ಲಿ ಬಂದು ನಿಂತ.

"ಒಳಗ ನೀರು ಹೋಗಿರಬೇಕು. ಬೋರ್ಡು ಸುಟ್ಟೈತಿ ನೋಡು. ಅವ್ವಾ, ನಿನ್ನೆ ಪೂಜಿಯೊಳಗ ಎಷ್ಟ ನೀರು ಚಿಮುಕಿಸಿದಿ?"

ಅತ್ತೆ ಶಾಂತಾದೇವಿ ಸೌಟು ಹಿಡಿದೇ ಅಡುಗೆಮನೆಯಿಂದ ಬಂದರು. ಫೆಬ್ರವರಿಯಲ್ಲಿ ಮೂರು ತಿಂಗಳಿಗೆಂದು ಬಂದವರು, ವಿಮಾನಗಳು ನಿಂತು ಇಲ್ಲೇ ಉಳಿದಿದ್ದರು. ನಿನ್ನೆ ಖಂಡೇಪೂಜೆ, ಆಯುಧಪೂಜೆಯ ದಿನ. ಚಾಕು, ಕತ್ತರಿ, ಸ್ಕ್ರೂಡ್ರೈವರ್, ಸೈಕಲ್ಲಿನ ಬೀಗ, ಎಲ್ಲವನ್ನೂ ತಟ್ಟೆಯಲ್ಲಿಟ್ಟು ಹೂವೇರಿಸಿದ್ದರು. ಕಂಪ್ಯೂಟರಿಗೂ ವಿಭೂತಿ ಹಚ್ಚಿದ್ದರು.

"ಹೂವಿನಾಗ ಅದ್ದಿ ಎರಡ ಹನಿ ಹಾಕೇನಪಾ," ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ನಾನ ಹಾಳ ಮಾಡಿದ್ನೇನವ್ವಾ ಸೌಜಿ?"

"ಗೊತ್ತಿಲ್ರಿ ಅತ್ತಿ. ನೋಡೋಣ."

"ನೋಡೂದೇನೈತಿ? ಬಿಚ್ಚಿದ್ರ ಇನ್ನಷ್ಟ ಕೆಡತೈತಿ," ಎಂದು ಶಿವಪ್ರಸಾದ್ ಮೀಟಿಂಗಿಗೆ ಮೇಲೆ ಹೋದ. ಶಾಂತಾದೇವಿ ಒಲೆ ಆರಿಸಿದರು. ಉಪ್ಪಿಟ್ಟು ಬಾಣಲೆಯಲ್ಲೇ ಉಳಿಯಿತು.

* * *

ಸೌಜನ್ಯಾ ಸುಲಭದ್ದರಿಂದ ಶುರು ಮಾಡಿದಳು. ಅದೇ ಪ್ಲಗ್ಗಿಗೆ ಮೇಜುದೀಪ ಹಚ್ಚಿದಳು. ಉರಿಯಿತು. ಕರೆಂಟಿನದಲ್ಲ. ಪರದೆಯ ತಂತಿಯನ್ನು ಗಂಡನ ಲ್ಯಾಪ್‌ಟಾಪಿಗೆ ಹಾಕಿ ನಿನ್ನೆಯಷ್ಟೇ ಸಿನಿಮಾ ನೋಡಿದ್ದರು. ಅದರದ್ದೂ ಅಲ್ಲ. ಬೋರ್ಡು ಪೂರ್ತಿ ಸುಟ್ಟಿದ್ದರೆ ಬೀಪ್ ಎನ್ನಲೂ ಜೀವ ಇರುತ್ತಿರಲಿಲ್ಲ. ಫೋನಿನಲ್ಲಿ ಆ ಬೋರ್ಡಿನ ಕೈಪಿಡಿ ಹುಡುಕಿದಳು. ಉದ್ದನೆಯ ಬೀಪ್ ಮರುಕಳಿಸಿದರೆ ಮೆಮೊರಿ ಸಿಗುತ್ತಿಲ್ಲ ಎಂದರ್ಥ.

ಪ್ಲಗ್ ಕಿತ್ತು ಪೆಟ್ಟಿಗೆಯನ್ನು ಬೆಳಕಿಗೆ ತಿರುಗಿಸಿದಳು.

ಅತ್ತೆ ಮೂರು ಬೆರಳಿನಿಂದ ಎಳೆದ ವಿಭೂತಿ, ಮುಂಭಾಗದಿಂದ ಪಕ್ಕದ ಮುಚ್ಚಳದವರೆಗೂ ಹರಿದಿತ್ತು. ಮುಚ್ಚಳ ಸೇರುವ ಸಂದಿನ ಹತ್ತಿರ ಮೂರೂ ಗೆರೆ ತುಂಡಾಗಿದ್ದವು. ಮುಚ್ಚಳದ ಮೇಲಿನ ಗೆರೆಗಳು ಕಾಳಿನಷ್ಟು ಕೆಳಗೆ ಜಾರಿದ್ದವು.

ಪೂಜೆಯ ನಂತರ ಯಾರೋ ಮುಚ್ಚಳ ತೆಗೆದು ಹಾಕಿದ್ದಾರೆ.

"ಅತ್ತಿ, ಸ್ಕ್ರೂಡ್ರೈವರ್ ತಗೋಬಹುದಾ?"

"ಇವತ್ತ ಸಂಜಿಗೆ ಬನ್ನಿ ಕೊಟ್ಟ ಮ್ಯಾಲೆ ಪೂಜಿ ಇಳಸೂದು. ಅಲ್ಲೀತನಕ ನಾನೂ ಮುಟ್ಟೂದಿಲ್ಲ." ಶಾಂತಾದೇವಿ ಸೊಸೆಯ ಮುಖ ನೋಡಿದರು. "ತಡಿ. ನಿನ್ನ ಪರೀಕ್ಷಾಕಿಂತ ಹೆಚ್ಚಿಂದೇನಲ್ಲ." ಕೈ ಮುಗಿದು ತಟ್ಟೆಯನ್ನು ಇತ್ತ ಸರಿಸಿದರು.

ಚಾಕುವಿನ ಮೇಲೆ ಸೇವಂತಿಗೆಯಿತ್ತು. ಕತ್ತರಿಯ ಮೇಲೂ ಇತ್ತು. ಸ್ಕ್ರೂಡ್ರೈವರಿನ ಹೂವು ಮಾತ್ರ ಅದರ ಕೆಳಗೆ ನಜ್ಜಾಗಿತ್ತು.

* * *

ಪೆಟ್ಟಿಗೆಯೊಳಗೆ ಧೂಳಿತ್ತು. ಒಂದು ಹನಿ ತೇವವಿರಲಿಲ್ಲ, ಕಲೆಯೂ ಇರಲಿಲ್ಲ. ಮೆಮೊರಿ ಪಟ್ಟಿಗಳೆರಡೂ ತಮ್ಮ ಜಾಗದಲ್ಲೇ ನಿಂತಿದ್ದವು, ಆದರೆ ಅವುಗಳನ್ನು ಹಿಡಿದಿಡುವ ನಾಲ್ಕು ಕೊಂಡಿಗಳೂ ತೆರೆದಿದ್ದವು. ಅವು ತಾವಾಗಿ ತೆರೆಯುವಂಥವಲ್ಲ, ಬೆರಳಿನಿಂದ ಒತ್ತಬೇಕು.

ಒಂದನ್ನು ಒತ್ತಿ ಕೂರಿಸಿದಳು. ಟಕ್.

ಆ ಸದ್ದು ಅವಳಿಗೆ ಗೊತ್ತಿತ್ತು.

* * *

ಮೀಟಿಂಗ್ ಮುಗಿದ ಮೇಲೆ ಶಿವಪ್ರಸಾದ್ ಕೆಳಗಿಳಿದ. ಪರದೆ ಬೆಳಗುತ್ತಿತ್ತು. ಅವನು ಮೆಟ್ಟಿಲ ಮೇಲೇ ನಿಂತ.

"ಸರಿ ಆತು?"

"ಒಳಗ ಬಂದು ಬಾಗಿಲು ಹಾಕ್ರಿ. ಅತ್ತಿಯವರಿಗೆ ಕೇಳೂದು ಬ್ಯಾಡ."

ಹಾಕಿದ.

"ಒಳಗ ನೀರಿಲ್ಲ. ಯಾರೋ ಕೊಂಡಿ ಬಿಚ್ಚಿದ್ರು. ಪೂಜಿ ಆದ ಮ್ಯಾಲೆ ಬಿಚ್ಚಿದ್ರು, ವಿಭೂತಿ ಗೆರಿ ಮುರದಾವು. ಸ್ಕ್ರೂಡ್ರೈವರ್ ತಟ್ಟಿಯಿಂದ ಎದ್ದು ಮತ್ತ ಹೂವಿನ ಮ್ಯಾಲೆ ಕೂತೈತಿ. ಪೂಜಿ ಇಳಿಸೂತನಕ ಅತ್ತಿ ಅದನ್ನ ಮುಟ್ಟಂಗಿಲ್ಲ. ನಾ ಹಾಸಿಗ್ಯಾಗಿದ್ದೆ. ರಾತ್ರಿ ಕೊಂಡಿ ಟಕ್ ಅಂದಾಗ ನೀವು ಇರಲಿಲ್ಲ."

ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ.

"ಕೆಲಸ ಸಿಕ್ರ ನೀ ಗ್ರೋನಿಂಗನ್ನಿಗೆ ಹೋಗ್ತಿದ್ದಿ. ದಿನಾ ಈ ಗ್ವಾಡಿ ನೋಡಕೋತ ನಾ..."

"ಹೋಗಬ್ಯಾಡ ಅನ್ನಬಹುದಿತ್ತು."

"ಅಂದಿದ್ರ ನೀ ಹೋಗ್ತಿರಲಿಲ್ಲ. ಆಮ್ಯಾಲೆ ಜೀವನಪೂರ್ತಿ ತಪ್ಪು ನಂದ ಆಗ್ತಿತ್ತು."

"ಅದಕ್ಕ ತಪ್ಪನ್ನ ನಿಮ್ಮ ಅವ್ವಂದು ಮಾಡಿದ್ರಿ."

ತನ್ನ ಎದೆಯಲ್ಲಿ ಏನಾದರೂ ಮುರಿಯುತ್ತದೆಯೇ ಎಂದು ಸೌಜನ್ಯಾ ಕಾದಳು. ಏನೂ ಆಗಲಿಲ್ಲ. ಅರಿವಳಿಕೆ ಕೊಟ್ಟ ಹಲ್ಲನ್ನು ನಾಲಿಗೆಯಿಂದ ಮುಟ್ಟಿದಂತಿತ್ತು.

"ಅವ್ವಗ ಹೇಳ್ತಿಯೇನು?"

"ಪರೀಕ್ಷೆಗೆ ಹೊತ್ತಾತು," ಎಂದಳು.

* * *

ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ಶಾಂತಾದೇವಿ ಕಿಟಕಿಯ ಬಳಿ ಕುಳಿತಿದ್ದರು. ಬೆಳಗಿನಿಂದ ಏನೂ ತಿಂದಿರಲಿಲ್ಲ.

"ಹೆಂಗಾತವ್ವಾ?"

"ಛಲೋ ಆತ್ರಿ. ಕೆಲಸ ಸಿಗಬಹುದು. ನಿಮ್ಮ ನೀರಿನಿಂದ ಏನೂ ಕೆಟ್ಟಿರಲಿಲ್ಲ. ಒಳಗಿನ ಒಂದು ಪಟ್ಟಿ ಸರದಿತ್ತು, ಅಷ್ಟ."

"ತಾನ ಸರದಿತ್ತೇನು?"

ಮೇಲಿನ ಕೋಣೆಯಲ್ಲಿ ಕುರ್ಚಿ ಜರುಗಿದ ಸದ್ದು. ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಅತ್ತೆಗೆ ಊರಿಗೆ ಹೋಗಲು ವಿಮಾನ ಯಾವಾಗ ಸಿಕ್ಕೀತೋ ಯಾರಿಗೂ ಗೊತ್ತಿರಲಿಲ್ಲ. ತಾನು ಗ್ರೋನಿಂಗನ್ನಿಗೆ ಹೋದರೆ ಈ ಮನೆಯಲ್ಲಿ ಉಳಿಯುವವರು ತಾಯಿ, ಮಗ ಇಬ್ಬರೇ. ಇವರು ಅವನ ತಟ್ಟೆಗೆ ಬಡಿಸಬೇಕು. ಅವನು ಇವರ ಮುಂದೆ ಕುಳಿತು ಉಣ್ಣಬೇಕು.

ಅತ್ತೆಗಷ್ಟೇ ಅಲ್ಲ, ಊರಿನಲ್ಲಿರುವ ತನ್ನ ಅಕ್ಕನಿಗೂ, ಯಾರಿಗೂ ಹೇಳುವುದಿಲ್ಲವೆಂದು ಸೌಜನ್ಯಾ ಆಗಲೇ ನಿಶ್ಚಯಿಸಿದಳು.

"ಹೂಂ ಅತ್ತಿ," ಎಂದಳು. "ತಾನ ಸರದಿತ್ತು. ಏಳ್ರಿ, ಉಣ್ಣೋಣ."