ಹಗ್ಗದ ಆ ತುದಿಯಲ್ಲಿ

"ಎತ್ತಿದ ಕಾಲು ಕೆಳಗಿಡಬೇಡಿ! ಹಾಗೇ ನಿಲ್ಲಿ!"

ಚನ್ನಾರಿಯ ಕೂಗಿಗೆ ಹುಲ್ಲಿನಲ್ಲಿದ್ದ ಹಕ್ಕಿಗಳೆಲ್ಲ ಪುರ್ರೆಂದು ಹಾರಿದವು.

ಹಗ್ಗದ ಆ ತುದಿಯಲ್ಲಿದ್ದ ಹೊಸಬ ಒಂಟಿಕಾಲಿನ ಕೊಕ್ಕರೆಯಂತೆ ನಿಂತುಬಿಟ್ಟ. ಅವನ ಪ್ಯಾಂಟಿನ ಮೇಲೆ ಕೆಂಪಿರುವೆಗಳ ಮೆರವಣಿಗೆ ಹೊರಟಿತ್ತು. ಕಚ್ಚಿಸಿಕೊಂಡವನು ಹೌಹಾರಿ ಹಿಂದಕ್ಕೆ ಹೆಜ್ಜೆ ಎತ್ತಿದ್ದ. ಆ ಹೆಜ್ಜೆ ಊರಬೇಕಿದ್ದ ಜಾಗ ಬಿಳಿ ದಾರದ ಆಚೆಗಿತ್ತು.

ದಾರದ ಈಚೆಗೆ ನೆಲದ ಪರೀಕ್ಷೆ ಮುಗಿದಿದೆ. ಆಚೆಗೆ... ಎಂದೋ ಮುಗಿದ ಯುದ್ಧ ಇನ್ನೂ ಮಣ್ಣಿನೊಳಗೆ ಮಲಗಿದೆ.

"ಕಚ್ತಾ ಇವೆ ಕಣ್ರೀ..." ಅವನ ದನಿ ಅಳುವ ಹಾಗಿತ್ತು.

"ಕಚ್ಲಿ! ಇರುವೆ ಕಚ್ಚಿದ್ರೆ ಕೆರ್ಕೋಬಹುದು. ಕಾಲೇ ಹೋದ್ರೆ ಎಲ್ಲಿ ಕೆರ್ಕೋತೀರಿ?"

ಅದು ತಮಾಷೆಯ ಮಾತಲ್ಲ. ಚನ್ನಾರಿಯ ಅಪ್ಪ ಈಗಲೂ ಸಂಜೆಯಾದರೆ ತನ್ನ ಇಲ್ಲದ ಕಾಲನ್ನು ಕೆರೆಯಲು ಕೈ ಚಾಚುತ್ತಾನೆ. ಕೈಗೆ ಚಾಪೆ ಸಿಕ್ಕಾಗ ಪೆಚ್ಚಾಗಿ ನಗುತ್ತಾನೆ. ಆ ನಗು ಕಂಡೇ ಅವಳು ಈ ಕೆಲಸಕ್ಕೆ ಸೇರಿದ್ದು.

"ನನ್ನೇ ನೋಡಿ. ನಿಧಾನಕ್ಕೆ ಕಾಲು ಮುಂದಕ್ಕೆ ತನ್ನಿ... ಹಾಂ, ಇನ್ನೂ ಸ್ವಲ್ಪ... ಈಗ ಇಡಿ."

ಅವನು ಕಾಲಿಟ್ಟ. ಚನ್ನಾರಿಗೆ ಹೋದ ಜೀವ ಬಂದಂತಾಯಿತು. ಅವನೋ, ಇರುವೆ ಕೊಡವಿಕೊಳ್ಳುವುದನ್ನೂ ಮರೆತು ಅವಳ ಮುಖವನ್ನೇ ನೋಡುತ್ತಿದ್ದ!

ಇಬ್ಬರ ನಡುವೆ ಬಿಗಿದ ಹಗ್ಗಕ್ಕೆ ಮೈಪಟ್ಟಿಯಿಂದ ಕಟ್ಟಿಸಿಕೊಂಡು, ಬೆಕ್ಕಿನ ಗಾತ್ರದ ಇಲಿಯೊಂದು ಆರಾಮವಾಗಿ ಮೀಸೆ ತೀಡಿಕೊಳ್ಳುತ್ತಿತ್ತು. ಅದೇ ತೇವಿ. ಬಟ್ಟಂಬಾಂಗ್ ಸೀಮೆಯಲ್ಲಿ ಅವಳಷ್ಟು ಚುರುಕು ಮೂಗಿನವಳು ಇನ್ನೊಬ್ಬಳಿರಲಿಲ್ಲ.

ತೇವಿಯ ಕೆಲಸ ಹೀಗೆ. ನೆಲದ ಪಟ್ಟಿಯ ಎರಡೂ ಬದಿಗೆ ಒಬ್ಬೊಬ್ಬರು ನಿಲ್ಲುತ್ತಾರೆ. ಇಬ್ಬರ ಕಾಲಿಗೂ ಒಂದೇ ಹಗ್ಗ. ಇಲಿ ಇವಳಿಂದ ಅವನ ಕಡೆಗೆ, ಅವನಿಂದ ಇವಳ ಕಡೆಗೆ ಮೂಸುತ್ತ ಓಡಾಡುತ್ತದೆ. ಒಂದು ಸಾಲು ಮುಗಿದರೆ ಇಬ್ಬರೂ ಒಟ್ಟಿಗೆ ಒಂದು ಹೆಜ್ಜೆ ಮುಂದೆ. ಮದ್ದಿನ ವಾಸನೆ ಸಿಕ್ಕರೆ ತೇವಿ ನಿಂತು ಮುಂಗಾಲಿನಿಂದ ಎರಡು ಸಲ ಕೆರೆಯುತ್ತಾಳೆ. ನಿಂತವರು ಕೈಯಲ್ಲಿನ ಪುಟ್ಟ ಡಬ್ಬಿ ಒತ್ತಿ 'ಟಿಕ್' ಎನ್ನಿಸುತ್ತಾರೆ, ಸರಿಯಾಗಿ ಹುಡುಕಿದೆ ಎಂದು. ಆಮೇಲೆ ಬಾಳೆಹಣ್ಣು, ಇಲ್ಲವೇ ಕಡಲೆಕಾಯಿ. ಅವಳ ಭಾರಕ್ಕೆ ಯಾವ ನೆಲಬಾಂಬೂ ಸಿಡಿಯುವುದಿಲ್ಲ.

"ನಾನು ಸಂಬತ್," ಎಂದ ಹೊಸಬ, ಬಿಡುವಿನಲ್ಲಿ. "ಆರು ವರ್ಷ ಲೋಹ ಹುಡುಕೋ ಯಂತ್ರ ಹಿಡಿದು ನೆಲ ಅಗೆದಿದ್ದೀನಿ. ಇಲಿ ಜೊತೆ ಇದೇ ಮೊದ್ಲು."

"ಗೊತ್ತಾಯ್ತು ಬಿಡಿ. ಯಂತ್ರಕ್ಕೆ ಇರುವೆ ಕಚ್ಚಲ್ಲ ಅಲ್ವಾ?"

ಗಂಜಿ ಬಡಿಸುತ್ತಿದ್ದ ಮೋಮ್ ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. ತಂಡಕ್ಕೆ ಅಡುಗೆ ಮಾಡುವ ಈ ಅಜ್ಜಿಯದೇ ಆ ಜಮೀನು. ಒಂದು ಕಾಲಕ್ಕೆ ಕಿತ್ತಳೆ ತೋಟ. ಗಂಡನ ಜೊತೆ ಗಿಡ ನೆಟ್ಟ ವರ್ಷವೇ ಸೈನಿಕರು ಬಂದರು, ಕಂದಕ ತೋಡಿದರು, ನೆಲದ ತುಂಬ ಬಾಂಬು ಹೂತರು. ಗಂಡ ಹೋದ, ಗಿಡ ಹೋದವು. ಈಗ ಗುಡಿಸಲ ಪಕ್ಕದಲ್ಲಿ ಅರವತ್ತು ಕಿತ್ತಳೆ ಸಸಿಗಳು ಚೀಲದಲ್ಲಿ ಕಾಯುತ್ತಿದ್ದವು. ಹೊಸವರ್ಷ ಕಳೆದು ಮೊದಲ ಮಳೆ ಬೀಳುವಷ್ಟರಲ್ಲಿ ನೆಲ ಬಿಟ್ಟುಕೊಡುತ್ತೇವೆಂದು ತಂಡ ಮಾತು ಕೊಟ್ಟಿತ್ತು.

ದಿನಗಳು ಉರುಳಿದವು.

ಬೆಳಕು ಹರಿಯುವಾಗ ಕೆಲಸ ಶುರು, ಬಿಸಿಲೇರುವಷ್ಟರಲ್ಲಿ ಮುಗಿತಾಯ. ಹಗ್ಗ ಕಟ್ಟಿದ ಮೇಲೆ ಹರಟೆಯಿಲ್ಲ, ಅದು ಕಟ್ಟುನಿಟ್ಟು. ಆದರೆ ಕಣ್ಣಿಗೆ ಯಾರು ನಿಯಮ ಮಾಡುತ್ತಾರೆ? ಇಡೀ ಬೆಳಗ್ಗೆ ಎದುರೆದುರು ನಿಂತು, ಒಟ್ಟಿಗೆ ಹೆಜ್ಜೆ ಎತ್ತಿ, ಒಟ್ಟಿಗೆ ಹೆಜ್ಜೆ ಇಟ್ಟು... ಗಂಡ ಹೆಂಡಿರೂ ಅಷ್ಟು ಹೊತ್ತು ಒಬ್ಬರನ್ನೊಬ್ಬರು ನೋಡಲಾರರು!

ತೇವಿಯ ಕಿವಿಗೆ, ಬಾಲಕ್ಕೆ ಬಿಸಿಲಿನ ಮುಲಾಮು ಹಚ್ಚುವುದನ್ನು ಸಂಬತ್ ಕಲಿತ. ಚನ್ನಾರಿಯ ಬೈಗುಳಕ್ಕೆ ನಗುವುದನ್ನೂ ಕಲಿತ.

"ಮನುಷ್ಯರ ಮಾತಿಗಿಂತ ಇಲಿಯ ಮೂಗು ವಾಸಿ," ಎನ್ನುತ್ತಿದ್ದಳು ಅವಳು. "ತೇವಿ ಒಂದಿನಾನೂ ಸುಳ್ಳು ಹೇಳಿಲ್ಲ."

"ನಾನು ಹೇಳಿದ್ದೀನಾ?"

"ಇನ್ನೂ ಎರಡು ತಿಂಗಳಾಯ್ತಷ್ಟೆ. ನೋಡೋಣ."

ಆ ಎರಡು ತಿಂಗಳಿಂದ ಇನ್ನೊಂದು ಸುಖವೂ ಅವಳಿಗೆ ಅಭ್ಯಾಸವಾಗಿತ್ತು. ಬೆಳಗ್ಗೆ ಬಂದು ನಿಲ್ಲಿಸಿದ ಅವಳ ಮೋಟಾರುಬೈಕಿನ ಹಿಡಿಗೆ ಸ್ವಲ್ಪ ಹೊತ್ತಿನಲ್ಲೇ ಬಾಳೆಎಲೆಯ ಪುಟ್ಟ ಪೊಟ್ಟಣ ತೂಗುತ್ತಿರುತ್ತಿತ್ತು. ಒಳಗೆ ಉಪ್ಪು ಹಾಕಿ ಹುರಿದ ಬಿಸಿ ಕಡಲೆಕಾಯಿ. ಖಾಲಿ ಹೊಟ್ಟೆಯಲ್ಲಿ ಬರುವ ಹುಡುಗಿ ಎಂದು ಅಜ್ಜಿಗೆ ಎಷ್ಟು ಅಕ್ಕರೆ! ಕೈ ತೊಳೆದು ಹಗ್ಗ ಕಟ್ಟುವ ಮುನ್ನ ಅಷ್ಟನ್ನೂ ಮುಗಿಸುತ್ತಿದ್ದಳು.

"ಅಜ್ಜಿ ಕೈರುಚಿನೇ ಬೇರೆ ಅಲ್ವಾ?" ಎಂದು ಒಮ್ಮೆ ಸಂಬತನಿಗೆ ಹೇಳಿದ್ದಳು.

"ಹೌದೌದು," ಎಂದವನು ಯಾಕೋ ಮುಖ ತಿರುಗಿಸಿಕೊಂಡಿದ್ದ.

ಆಮೇಲೆ ಬಂತು ಆ ಕೆಟ್ಟ ವಾರ.

ಸೋಮವಾರ ತೇವಿ ತೋಟದ ಮೂಲೆಯಲ್ಲಿ ನಿಂತು ಕೆರೆದಳು. ಯಂತ್ರ ಹಿಡಿದವರು ಬಂದು ನೋಡಿದರೆ ಯಂತ್ರ ಸದ್ದೇ ಮಾಡಲಿಲ್ಲ. ಮಂಗಳವಾರ ಅದೇ ಸಾಲಿನಲ್ಲಿ ಇನ್ನೊಂದು ಕಡೆ. ಆಗಲೂ ಯಂತ್ರ ಗಪ್‌ಚುಪ್! ಬುಧವಾರ ಮೂರನೆಯದು.

ತಂಡದ ಹಿರಿಯ ಸಾರೆತ್ ಮಾಮ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಮೂರು ಸಲ ಆಯ್ತು ಮಗಳೇ. ಇನ್ನು ನನ್ನ ಕೈಲಿಲ್ಲ. ಶುಕ್ರವಾರ ಪಟ್ಟಣದಿಂದ ಪರೀಕ್ಷಕರು ಬರ್ತಾರೆ. ಮೂಗು ಕೆಟ್ಟಿದೆ ಅಂದ್ರೆ ತೇವಿ ವಾಪಸ್ ಪಂಜರಕ್ಕೆ."

ಚನ್ನಾರಿ ತೇವಿಯ ಕಡೆ ತಿರುಗಿದಳು.

ಅದೇ ಹೊತ್ತಿಗೆ ತೇವಿ ಹಗ್ಗದುದ್ದ ಓಡಿ, ಸಂಬತನ ಪ್ಯಾಂಟು ಹತ್ತಿ, ಅಂಗಿಯ ಜೇಬಿಗೆ ಮೂತಿ ತುರುಕಿದಳು. ಬಾಳೆಎಲೆ ಹರಿಯಿತು. ಜೇಬಿನಿಂದ ಹುರಿದ ಕಡಲೆಕಾಯಿಗಳು ಉದುರಿದವು!



"ಏನಿದು?" ಚನ್ನಾರಿ ಒಂದು ಕಾಯಿ ಎತ್ತಿ ಹಿಡಿದಳು. "ಕದ್ದು ತಿನ್ನಿಸ್ತಾ ಇದ್ದೀರಾ ಇವಳಿಗೆ? ಏನೂ ಹುಡುಕದೇನೇ ತಿನಿಸು ಸಿಕ್ಕಿದ್ರೆ ಇಲಿ ಸುಮ್ಮನೆ ಕೆರೆಯೋಕೆ ಕಲಿಯುತ್ತೆ! ಮೊದಲ ದಿನಾನೇ ಹೇಳಿದ್ದೆ ತಾನೇ?"

"ಚನ್ನಾರಿ, ಅದು ತೇವಿಗಲ್ಲ... ಅದು..."

"ಸಾಕು! ಮರಿಯಿಂದ ಸಾಕಿದ್ದೀನಿ ಇವಳನ್ನ. ನನ್ನ ಮಗಳನ್ನ ಸುಳ್ಳಿ ಮಾಡಿಬಿಟ್ಟಿರಲ್ಲಾ! ನಿಮ್ಮ ಜೊತೆ ಇನ್ನು ಹಗ್ಗ ಕಟ್ಟಲ್ಲ ನಾನು."

ಸಂಬತ್ ಬಾಯಿ ತೆರೆದ. ಸುತ್ತ ಹತ್ತು ಜನ ನೋಡುತ್ತಿದ್ದರು. ತೆರೆದ ಬಾಯಿ ಮುಚ್ಚಿದ.

ಅಯ್ಯೋ, ಈ ಗಂಡಸರು! ಬೇಡದಾಗ ಮಾತಾಡುತ್ತಾರೆ, ಬೇಕಾದಾಗ ಮೂಗರಾಗುತ್ತಾರೆ.

ಆ ದಿನವಿಡೀ ಚನ್ನಾರಿ ತೇವಿಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಇಲಿ ಹೋಗುತ್ತದೆಂದು ಅತ್ತಳೋ, ನಂಬಿದವನು ಹೀಗೆ ಮಾಡಿದನೆಂದು ಅತ್ತಳೋ, ಅವಳಿಗೇ ತಿಳಿಯಲಿಲ್ಲ. 'ಎದುರು ನಿಂತವನ ಕಣ್ಣು ಓದೋಕೆ ಬರುತ್ತೆ ಅಂದ್ಕೊಂಡಿದ್ದೆನಲ್ಲ... ಎಂಥ ದಡ್ಡಿ ನಾನು!'

ಗುರುವಾರ ಬೆಳಗ್ಗೆಯೂ ಬೈಕಿನ ಹಿಡಿಯಲ್ಲಿ ಪೊಟ್ಟಣವಿರಲಿಲ್ಲ.

'ಅಜ್ಜಿಗೂ ನನ್ನ ಮೇಲೆ ಬೇಜಾರಾಯ್ತೇನೋ,' ಎಂದುಕೊಂಡು ಅಡುಗೆ ಗುಡಿಸಲಿಗೆ ಹೋದಳು.

"ಅಜ್ಜೀ, ನಿನ್ನೆ ಇವತ್ತು ಕಡಲೆಕಾಯಿ ಯಾಕಿಲ್ಲ?"

"ಯಾವ ಕಡಲೆಕಾಯಿ?"

"ದಿನಾ ಹುರಿದು ಬೈಕಿಗೆ ನೇತು ಹಾಕ್ತಿದ್ರಲ್ಲ..."

ಅಜ್ಜಿ ಸೌಟು ಕೆಳಗಿಟ್ಟು ಬಾಯಿ ಅಗಲಿಸಿ ತೋರಿಸಿದಳು. "ಎಣಿಸು. ನಾಲ್ಕೇ ಹಲ್ಲು! ಕಡಲೆಕಾಯಿ ಮನೆಗೆ ತಂದು ಇಪ್ಪತ್ತು ವರ್ಷ ಆಯ್ತು ನಾನು. ಕೋಳಿ ಕೂಗೋ ಹೊತ್ತಿಗೆ ನನ್ನ ಒಲೆ ಮುಂದೆ ಕೂತು ಹುರೀತಿದ್ದೋನು ಆ ಸಂಬತ್ತು. 'ಹೇಳಬೇಡಿ ಅಜ್ಜಿ, ನಾಚಿಕೆ ಆಗುತ್ತೆ' ಅಂತಿದ್ದ. ನಿನ್ನೆ ನೀನು ಬೈಕು ಬಿಟ್ಟು ಕದಲಲೇ ಇಲ್ಲ. ನೇತು ಹಾಕೋಕೆ ಆಗದೆ ಜೇಬಲ್ಲೇ ಇಟ್ಕೊಂಡು ಹೋದ, ಪೆದ್ದ."



ಎರಡು ತಿಂಗಳು! ಅವನ ಕೈಯ ತಿನಿಸು ತಿಂದು, ಅವನೆದುರೇ ಅಜ್ಜಿಯನ್ನು ಹೊಗಳಿ... ಕೊನೆಗೆ ಹತ್ತು ಜನರ ಮುಂದೆ ಅವನ ಮಾನ ತೆಗೆದಳು. ಸಿಟ್ಟಿನಲ್ಲಿ ಕೊಯ್ದ ಮೂಗು ಸಮಾಧಾನವಾದ ಮೇಲೆ ಬರುತ್ತದೆಯೇ?

"ಎಲ್ಲಿ ಅಜ್ಜಿ ಅವರು?"

"ತೋಟದ ಮೂಲೇಲಿ. ಸಾರೆತ್ ಹತ್ರ ಜಗಳ ಆಡಿ ಅನುಮತಿ ತಗೊಂಡಿದ್ದಾನೆ. ಅಗೀತಾನಂತೆ."

ಅವಳು ಓಡಿದಳು. ಕೆಂಪು ಗುರುತಿನ ಕಂಬದ ಬಳಿ ಸಾರೆತ್ ಮಾಮ ಕೈ ಅಡ್ಡ ಹಿಡಿದರು. "ಇನ್ನೊಂದು ಹೆಜ್ಜೆ ಇಡಬೇಡ. ಅಗೆಯೋವಾಗ ಒಬ್ಬನೇ ಇರಬೇಕು."

ಐವತ್ತು ಹೆಜ್ಜೆ ದೂರದಲ್ಲಿ ಸಂಬತ್ ಹೊಟ್ಟೆಯ ಮೇಲೆ ಮಲಗಿದ್ದ. ಮುಖಕ್ಕೆ ಗಾಜಿನ ಕವಚ, ಕೈಯಲ್ಲಿ ಚಿಕ್ಕ ಕರಣೆ. ತೇವಿ ಕೆರೆದಿದ್ದ ಮೊದಲ ಜಾಗದ ಪಕ್ಕದಿಂದ, ಮಣ್ಣನ್ನು ಚಮಚ ಚಮಚವಾಗಿ ಎತ್ತುತ್ತಿದ್ದ.

"ಯಾಕೆ ಬಿಟ್ರಿ ಮಾಮ?"

"ಏನು ಮಾಡ್ಲಿ? 'ತೇವಿ ಸುಳ್ಳು ಹೇಳಲ್ಲ, ಯಂತ್ರಕ್ಕೇ ಕೇಳಿಸ್ತಿಲ್ಲ' ಅಂತ ಹಟ ಹಿಡಿದ. ಮೂರು ಜಾಗಾನೂ ಒಂದೇ ಗೆರೇಲಿವೆ, ಹಳೇ ಕಂದಕ ಇರಬೇಕು, ನೆರೆ ಮಣ್ಣು ತುಂಬಿ ಬಾಂಬು ಆಳಕ್ಕೆ ಹೋಗಿದೆ ಅಂತ. ಪ್ಲಾಸ್ಟಿಕ್ ಬಾಂಬಲ್ಲಿ ಲೋಹ ಸೂಜಿಯಷ್ಟೂ ಇರಲ್ಲ ನೋಡು." ಮಾಮ ಅವಳನ್ನು ಓರೆಗಣ್ಣಿನಿಂದ ನೋಡಿದರು. "ನೀನು ಸಾಕಿದ ಮಗಳನ್ನ ನೀನೇ ನಂಬಲಿಲ್ಲ. ಅವನು ನಂಬಿದ."

ಆ ಮಾತು ನೇರ ಎದೆಗೆ ನಾಟಿತು.

'ದೇವರೇ, ಅವರಿಗೇನೂ ಆಗಬಾರದು. ನಾನು ಕ್ಷಮೆ ಕೇಳಬೇಕು. ಅಷ್ಟಾದ್ರೂ ಸಮಯ ಕೊಡು...' ಕತ್ತಿನ ಚೌಕಳಿ ವಸ್ತ್ರವನ್ನು ಹಿಂಡಿ ಹಿಂಡಿ ಅವಳ ಬೆರಳು ಕೆಂಪಾದವು.

ಒಂದು ಗಂಟೆ ಕಳೆಯಿತು. ಸಂಬತನ ಕೈ ಮೊಳಕೈವರೆಗೂ ಗುಂಡಿಯೊಳಗೆ ಹೋಯಿತು. ಇದ್ದಕ್ಕಿದ್ದಂತೆ ಅವನ ಕೈ ನಿಂತಿತು.

ಅವನು ಕರಣೆ ಕೆಳಗಿಟ್ಟ. ಬಲಗೈಯನ್ನು ನಿಧಾನವಾಗಿ ಮೇಲಕ್ಕೆತ್ತಿದ. ಸಿಕ್ಕಿದೆ!

ಮೂರೂ ಕಡೆ ಅಗೆದರು. ಮೂರೂ ಕಡೆ ಬಾಂಬು. ಅಂಗೈಯಗಲದ ಹಸಿರು ಪ್ಲಾಸ್ಟಿಕ್ ಬಿಲ್ಲೆಗಳು, ಎರಡು ಗೇಣು ಆಳದಲ್ಲಿ. ಮಧ್ಯಾಹ್ನ ಅವನ್ನು ಇದ್ದಲ್ಲೇ ಸಿಡಿಸಿದಾಗ ಮೋಮ್ ಅಜ್ಜಿ ಕಿವಿ ಮುಚ್ಚಿಕೊಂಡು ಅತ್ತಳು. ಶುಕ್ರವಾರ ಬಂದ ಪರೀಕ್ಷಕರು ತೇವಿಗೆ ಇಡೀ ಬಾಳೆಹಣ್ಣು ಕೊಟ್ಟು ಹೋದರು.

ಆದರೆ ಚನ್ನಾರಿ ಇನ್ನೂ ಕ್ಷಮೆ ಕೇಳಿರಲಿಲ್ಲ. ಮತ್ತೆ ಇಬ್ಬರೂ ಹಗ್ಗ ಕಟ್ಟಿದರು, ಉಳಿದ ಸಾಲುಗಳನ್ನು ಮುಗಿಸಿದರು. ಹಗ್ಗ ಕಟ್ಟಿದಾಗ ಮಾತಾಡುವ ಹಾಗಿಲ್ಲ. ಬಿಚ್ಚಿದ ಮೇಲೆ ಅವನು ನಿಲ್ಲುತ್ತಿರಲಿಲ್ಲ.

ಮೊದಲ ಮಳೆಯ ಮರುದಿನ ನೆಲ ಒಪ್ಪಿಸುವ ಶಾಸ್ತ್ರ. ಭಿಕ್ಷುಗಳು ಬಂದು ಹರಸಿದರು. ಆಮೇಲೆ ತಂಡದ ರೂಢಿಯಂತೆ, ನೆಲ ತೆರವು ಮಾಡಿದವರೇ ಮೊದಲು ಅದರ ಮೇಲೆ ನಡೆಯಬೇಕು. ನಾವು ನಡೆದೆವು, ಇನ್ನು ನೀವು ನಡೆಯಿರಿ ಎಂದು ಹೇಳುವ ಬಗೆ ಅದು.

"ಚನ್ನಾರಿ, ಸಂಬತ್, ನೀವಿಬ್ಬರು ಮುಂದೆ ಹೋಗಿ," ಎಂದರು ಸಾರೆತ್ ಮಾಮ.

ಇಬ್ಬರೂ ಒದ್ದೆ ಮಣ್ಣಿಗೆ ಬರಿಗಾಲಿಟ್ಟರು. ಮೊದಲ ಬಾರಿ ನಡುವೆ ಹಗ್ಗವಿಲ್ಲ, ದಾರವಿಲ್ಲ. ಪಕ್ಕಪಕ್ಕದಲ್ಲೇ ನಡೆದರೂ ಹೆಜ್ಜೆಗಳು ಅಭ್ಯಾಸಬಲದಿಂದ ಒಟ್ಟಿಗೇ ಬಿದ್ದವು.

ನೆಲದ ನಡುವಿಗೆ ಬಂದಾಗ ಚನ್ನಾರಿ ನಿಂತಳು.

"ಅಜ್ಜಿಗೆ ನಾಲ್ಕೇ ಹಲ್ಲಂತೆ," ಎಂದಳು.

ಸಂಬತನ ಕಿವಿ ಕೆಂಪಾಯಿತು. "ಹೇಳಿಬಿಟ್ರಾ..."

"ನೀವ್ಯಾಕೆ ಹೇಳಲಿಲ್ಲ? ಅಷ್ಟು ಜನರ ಮುಂದೆ ಬೈದೆ. ಒಂದು ಮಾತು ಹೇಳಿದ್ರೆ..."

"ತಪ್ಪು ನಂದೂ ಇತ್ತು. ಜೇಬಲ್ಲಿಟ್ಕೊಂಡು ನೆಲಕ್ಕೆ ಇಳೀಬಾರದಿತ್ತು." ಅವನು ತಲೆ ತಗ್ಗಿಸಿದ. "ಆಮೇಲೆ... ಪ್ರೀತಿ ಅಂತ ಹೇಳೋಕೆ ಅದು ಸರಿಯಾದ ಹೊತ್ತಲ್ಲ ಅನ್ನಿಸ್ತು. ನೆಪ ಅಂದ್ಕೋತಿದ್ರಿ."

ಪ್ರೀತಿ! ಎಷ್ಟು ಸಲೀಸಾಗಿ ಅಂದುಬಿಟ್ಟ!

ಚನ್ನಾರಿಯ ಕಣ್ಣು ತುಂಬಿ ಬಂತು. "ಕ್ಷಮಿಸಿ. ತೇವಿಯನ್ನೂ ನಂಬಲಿಲ್ಲ, ನಿಮ್ಮನ್ನೂ ನಂಬಲಿಲ್ಲ ನಾನು."

"ಕ್ಷಮಿಸೋದೆಲ್ಲ ಇರುವೆ ಕಚ್ಚಿದ ದಿನಾನೇ ಆಗೋಯ್ತು," ಎಂದ ಅವನು. "ಆ ದಿನ 'ನನ್ನೇ ನೋಡಿ' ಅಂದಿದ್ರಲ್ಲ... ಅವತ್ತಿಂದ ಬೇರೆ ಕಡೆ ನೋಡಿಲ್ಲ. ನಂಗೆ ಅಪ್ಪ ಅಮ್ಮ ಇಲ್ಲ ಚನ್ನಾರಿ. ನಿಮ್ಮನೆಗೆ ಹೆಣ್ಣು ಕೇಳೋಕೆ ಯಾರನ್ನ ಕಳಿಸ್ಲಿ?"

"ಅಜ್ಜಿ ಆಗಲೇ ಒಳ್ಳೇ ರೇಷ್ಮೆ ಉಟ್ಕೊಂಡು ನಿಂತಿದ್ದಾಳೆ, ನೋಡಿ."

ಅವನು ತಿರುಗಿ ನೋಡಿದ. ನೆಲದಂಚಿನಲ್ಲಿ ಮೋಮ್ ಅಜ್ಜಿ ರೇಷ್ಮೆ ಸುತ್ತಿಕೊಂಡು, ಒಂದು ಕೈಯಲ್ಲಿ ಕಿತ್ತಳೆ ಸಸಿ, ಇನ್ನೊಂದು ಕೈಯಲ್ಲಿ ತೇವಿಯ ಬುಟ್ಟಿ ಹಿಡಿದು ನಾಲ್ಕೂ ಹಲ್ಲು ಕಾಣುವಂತೆ ನಗುತ್ತಿದ್ದಳು.

"ಹಾಗಾದ್ರೆ... ನೀವು ಒಪ್ಪಿದ್ರಾ?"

ಚನ್ನಾರಿ ಅವನ ಕೈ ಹಿಡಿದು, ಅಂಗೈ ಬಿಡಿಸಿ, ತೋರುಬೆರಳಿನಿಂದ ಮೆಲ್ಲಗೆ ಎರಡು ಸಲ ಕೆರೆದಳು.

ಸಂಬತ್ ತನ್ನ ಅಂಗೈಯನ್ನೇ ನೋಡಿದ. ಆಮೇಲೆ ಅವನ ಮುಖವೆಲ್ಲ ಅರಳಿತು. ಜೇಬಿನಿಂದ ಆ ಪುಟ್ಟ ಡಬ್ಬಿ ತೆಗೆದು ಒತ್ತಿದ.

ಟಿಕ್!

"ಈಗ ಕೊಡಿ," ಎಂದು ಅವಳು ಕೈ ಚಾಚಿದಳು. "ಸಿಕ್ಕ ಮೇಲೆ ತಾನೇ ಕಡಲೆಕಾಯಿ ಕೊಡೋದು?"

"ಇವತ್ತು ಜೇಬು ಖಾಲಿ. ಪೊಟ್ಟಣ ನಿನ್ನ ಬೈಕಿಗೆ ನೇತು ಹಾಕಿದ್ದೀನಿ... ಇನ್ನೂ ಬಿಸಿ ಇದೆ."