ಮೂರು ಮರದ ಬಟ್ಟಲು, ಒಂದೇ ಮಾತಿನ ಗಿಳಿ

ಮೊಸಳೆಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹೊಂಬಾಳೆ ಎಂಬ ರಾಜ್ಯದಲ್ಲಿ, ಮೋನಾಚಾರಿ ಎಂಬ ಮರ ಕಡೆಯುವವನಿದ್ದ. ತಿರುಗಣೆಗೆ ಮರ ಕೂರಿಸಿ ಉಳಿ ಹಿಡಿದನೆಂದರೆ ಬಟ್ಟಲು ಬೆಣ್ಣೆಯಂತೆ ನುಣುಪಾಗಿ ಬರುತ್ತಿತ್ತು. ಕೈ ಬಂಗಾರ, ಕಿವಿ ಮಾತ್ರ ಬರೀ ಅಲಂಕಾರಕ್ಕೆ. ಹೆಂಡತಿ ಕಾಳಮ್ಮ ಏನು ಹೇಳಿದರೂ ಒಳಗೆ ಇಳಿಯುತ್ತಿರಲಿಲ್ಲ. ಏನು ಮಾಡೋಣ ಇಂಥವರಿಗೆ!

ಹೊಳೆಯ ನಡುಗಡ್ಡೆಯಲ್ಲಿ ಡೊಂಕಭೈರ ಎಂಬ ಮಾಂತ್ರಿಕನಿದ್ದ. ಅವನ ಕೈ ಸೋಕಿದರೆ ಮಡಕೆ ಒಡೆಯುತ್ತಿತ್ತು, ಕಂಚು ಕರಗುತ್ತಿತ್ತು, ಒಂದೇ ಮರದ ಬಟ್ಟಲು ಸೀಳಿಹೋಗುತ್ತಿತ್ತು. ದನದಂತೆ ಹೊಳೆಗೆ ಬಾಯಿಟ್ಟು ಕುಡಿದು ಕುಡಿದು ಅವನಿಗೂ ರೋಸಿಹೋಗಿತ್ತು. ಒಂದು ದಿನ ಮೋನಾಚಾರಿಯ ಮನೆಗೇ ಬಂದ.

"ಮೂರು ಮರದ ಚೂರು ಜೋಡಿಸಿ ನನಗೊಂದು ಬಟ್ಟಲು ಕಾಣಿಕೆ ಕೊಡು. ಬೇಗ!"

ಕಾಳಮ್ಮ ಅಡುಗೆಮನೆಯಿಂದಲೇ, "ಬೇಗ ಅಂದ್ರೆ ಆಗ್ತದಾ ಸ್ವಾಮಿ? ಮರ ಒಣಗಲಿ," ಎಂದಳು.

ಮಾಂತ್ರಿಕನಿಗೆ ಪಿತ್ತ ನೆತ್ತಿಗೇರಿತು. ಫೂ ಎಂದು ಬೂದಿ ಊದಿದ. ಕಾಳಮ್ಮ ಗಿಳಿಯಾದಳು. ಕೊನೆಗೆ ಆಡಿದ ಮಾತೊಂದೇ ಅವಳ ಬಾಯಲ್ಲಿ ಉಳಿಯಿತು.

"ಸೋರದ ಬಟ್ಟಲು ತಂದರೆ ಇವಳು ಮತ್ತೆ ಹೆಂಗಸಾಗುತ್ತಾಳೆ, ನನ್ನ ಮಂತ್ರದಾಣೆ. ಮೂರು ಸಲ ಸೋರಿದರೆ ಸಾಯುವ ತನಕ ಗಿಳಿ," ಎಂದು ಹೇಳಿ ಹೋದ.

ಮೋನಾಚಾರಿ ಕಾಡಿಗೆ ಓಡಿದ. ಬೀಟೆ, ಹಲಸು, ಹೊನ್ನೆ ಕಡಿದು ತಂದ. ಚೂರುಗಳನ್ನು ಅಂಟಿನಿಂದ ಬಳೆಯಾಗಿ ಜೋಡಿಸಿ, ಬಳೆಯ ಮೇಲೆ ಬಳೆ ಕೂರಿಸಿ, ತಿರುಗಣೆಗೆ ಹಾಕಿ ಕಡೆದ.

"ಹೆಂಗಿದೆ ಕಾಳೀ?"

"ಒಣಗಲಿ."

"ಹಸಿವಾಗ್ತಿದೆ, ಏನು ಮಾಡ್ಲಿ?"

"ಒಣಗಲಿ."

"ಥೂ! ಹೆಂಗಸಾಗಿದ್ದಾಗಲೂ ಇದೇ ರಾಗ, ಗಿಳಿಯಾದ ಮೇಲೂ ಇದೇ ರಾಗ!"

ಗಿಳಿಯನ್ನು ಹೆಗಲ ಮೇಲೆ ಕೂರಿಸಿಕೊಂಡು, ಮೊಸಳೆಯ ಬೆನ್ನೇರಿ ನಡುಗಡ್ಡೆಗೆ ಹೋದ. ನೀರು ಹೊಯ್ದದ್ದೇ ತಡ, ಬಟ್ಟಲು ಸಂದುಸಂದಿನಲ್ಲಿ ಸೋರಿತು.

ಎರಡನೆಯ ಸಲ ಅಂಟು ಜಾಸ್ತಿ ಹಾಕಿದ, ಅರಗು ಬಳಿದ. ಗಿಳಿ ಗಂಟಲು ಹರಿಯುವಂತೆ "ಒಣಗಲಿ, ಒಣಗಲಿ" ಎಂದಿತು. ಅವನು ಕಿವಿಗೆ ಹತ್ತಿ ಇಟ್ಟುಕೊಂಡ.

"ಮತ್ತೆ ನೀನಾ? ನನ್ನ ಬೆನ್ನೇನು ನಿನ್ನ ಮಾವನ ಮನೆ ಜಗಲಿಯಾ?" ಎಂದು ಮೊಸಳೆ ಗೊಣಗಿತು. ಆ ಬಟ್ಟಲೂ ಬಿರಿದು ಸೋರಿತು.

ಮನೆಗೆ ಬಂದು ಆರಿದ ಒಲೆಯ ಮುಂದೆ ಕುಸಿದ. ಕಾಳಮ್ಮ ಗಿಳಿಯಾದ ಮೇಲೆ ಆ ಒಲೆ ಹೊತ್ತಿರಲಿಲ್ಲ. ಮೇಲೆ ನೋಡಿದರೆ ಅಟ್ಟ ಬರಿದಾಗಿ ಜೇಡರ ಬಲೆ ಕಟ್ಟಿತ್ತು. ಇಷ್ಟು ವರ್ಷ ಒಣಮರ ಬೇಕೆಂದಾಗಲೆಲ್ಲ ಆ ಅಟ್ಟದಿಂದಲೇ ಇಳಿಸಿಕೊಂಡಿದ್ದ. ಹಸಿಮರವನ್ನು ಅಲ್ಲಿಗೇರಿಸಿ, ಕೆಳಗೆ ಅಡುಗೆ ಮಾಡುತ್ತ, ದಿನವೂ ಮಗ್ಗುಲು ಬದಲಿಸಿ ಹೊಗೆ ಕುಡಿಸಿದ್ದು ಯಾರು ಎಂದು ಒಮ್ಮೆಯೂ ಕೇಳಿರಲಿಲ್ಲ. ಈ ಸಲವೋ, ಕಾಡಿನ ಹಸಿಮರವನ್ನು ನೇರ ಉಳಿಗೆ ಕೊಟ್ಟಿದ್ದ!

ಹಣೆ ಚಚ್ಚಿಕೊಂಡ. ಹೊಸ ಮರ ಅಟ್ಟಕ್ಕೇರಿಸಿ ಒಲೆ ಹೊತ್ತಿಸಿದ. ಒಲೆ ಆರಬಾರದಲ್ಲ, ಹಾಗಾಗಿ ಅಡುಗೆಯನ್ನೂ ಮಾಡಿದ. ಮುದ್ದೆ ಗಂಟಾಯಿತು, ಸಾರು ಸೀದಿತು, ಕಣ್ಣು ಕೆಂಡವಾಯಿತು.

"ಸಾಕಾ ಕಾಳೀ?" ಎಂದು ದಿನವೂ ಕೇಳುತ್ತಿದ್ದ.

"ಒಣಗಲಿ."

"ಆಯ್ತು ತಾಯಿ, ಒಣಗಲಿ."

ಮಳೆಗಾಲ ಕಳೆಯಿತು. ಒಂದು ಬೆಳಿಗ್ಗೆ, "ಸಾಕಾ?" ಎಂದ. ಗಿಳಿ ಅವನನ್ನೇ ನೋಡಿತು. ಏನೂ ಹೇಳಲಿಲ್ಲ. ಮೋನಾಚಾರಿ ಮರ ಇಳಿಸಿದ.

ನಡುಗಡ್ಡೆಗೆ ಒಯ್ದು ನೀರು ಹೊಯ್ದರೆ, ಮೂರನೆಯ ಬಟ್ಟಲಿನಿಂದ ಹನಿಯೂ ಜಿನುಗಲಿಲ್ಲ. ಡೊಂಕಭೈರ ಗಟಗಟನೆ ಕುಡಿದು ಬಾಯಿ ಒರೆಸಿಕೊಂಡ.

"ಚೆನ್ನಾಗಿದೆ. ಹೆಂಡತಿಯ ಮಾತು ಆಮೇಲೆ. ಮೊದಲು ಇನ್ನೊಂದು!"

ಆಣೆ ಮುರಿಯಿತು. ಮುರಿದ ಆಣೆಯ ಮಂತ್ರ ಆಡಿದವನಿಗೇ ತಿರುಗಿತು. ಡೊಂಕಭೈರ ಗಿಳಿಯಾಗಿ, "ಇನ್ನೊಂದು, ಇನ್ನೊಂದು" ಎನ್ನುತ್ತ ಕಾಡಿಗೆ ಹಾರಿದ. ಮೋನಾಚಾರಿಯ ಹೆಗಲಿಂದ ಕಾಳಮ್ಮ ಹೆಂಗಸಾಗಿ ನೆಲಕ್ಕಿಳಿದಳು.

"ಎಷ್ಟು ಸಲ ಹೇಳ್ಬೇಕು ನಿಮಗೆ? ಕಿವಿಗೆ ಹತ್ತಿ ಬೇರೆ! ಆ ಸಾರಿಗೆ ಯಾರಾದ್ರೂ ಅಷ್ಟು ಉಪ್ಪು..."

ಮೋನಾಚಾರಿಗೆ ಸಂತೋಷದಿಂದ ಕಣ್ಣೀರು ಬಂತು. ಬಟ್ಟಲನ್ನು ಅವಳ ಕೈಗಿತ್ತು, ಅವಳೆದುರು ಕುಕ್ಕರಗಾಲಿನಲ್ಲಿ ಕೂತ.

"ಹೇಳು ಕಾಳೀ," ಎಂದ. "ಎಲ್ಲಾ ಹೇಳು. ಕೇಳ್ತೀನಿ."

ಮೊಸಳೆ ಹೊಳೆಯಲ್ಲಿ ಸಂಜೆವರೆಗೂ ಕಾಯಬೇಕಾಯಿತು. ಮುಂದೆ ಅವರ ಒಲೆ ಎಂದೂ ಆರಲಿಲ್ಲ. ನಿಮ್ಮದೂ ಆರದಿರಲಿ.